ಬೇರು, ಬೀರು, ಬಿಯರ್: ಮಕ್ಕಳ ಜೊತೆ ಬ್ರೂಪಬ್‌ಗೆ ಹೋಗುವ ಮುನ್ನ

ವಾಲ್‌ನಟ್, ಡೈಮಂಡ್ ಬಾರ್, ಚೀನೋ ಹಿಲ್ಸ್ ಕಡೆಯ ಕನ್ನಡದ ಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಾಕರ್ ಸೀಸನ್ ಮುಗಿಯಿತು, ಎಲ್ಲ ಮನೆಯವರೂ ಊಟಕ್ಕೆ ಸೇರೋಣ ಎಂದು ಟೀಮಿನವರು ಮೆಸೇಜ್ ಕಳಿಸುತ್ತಾರೆ. ಜಾಗದ ಹೆಸರಿನ ಪಕ್ಕದಲ್ಲಿ ‘ಬ್ರೂಹೌಸ್’ ಎಂದಿರುತ್ತದೆ. ‘ಮಕ್ಕಳನ್ನ ಕರ್ಕೊಂಡು ಅಲ್ಲಿಗೆ ಹೋಗೋದಾ?’ ಎಂದು ಒಬ್ಬರು ಕೇಳುತ್ತಾರೆ. ‘ಎಲ್ಲರೂ ಬರ್ತಾರೆ, ಪಿಜ್ಜಾ ಸಿಗುತ್ತಂತೆ’ ಎಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಹೋಗುವುದೋ ಬಿಡುವುದೋ ನಿಮ್ಮ ಮನೆಯ ತೀರ್ಮಾನ. ಕುಡಿಯುವವರಿಗೂ ಕುಡಿಯದವರಿಗೂ ಇಲ್ಲಿ ಜಾಗವಿದೆ. ನಾನು ಹೇಳಹೊರಟದ್ದು ಅಲ್ಲಿಗೆ ಹೋದಾಗ ಮೇಜಿನ ಮೇಲೆ ಯಾವ ಭಾಷೆ ಇರುತ್ತದೆ ಎಂಬುದರ ಬಗ್ಗೆ. ನಮ್ಮ ಮಕ್ಕಳು ಊಟ, ಹಬ್ಬ, ಅಜ್ಜಿ-ತಾತ, ಬೈಗುಳ ಇವಿಷ್ಟನ್ನು ಕನ್ನಡದಲ್ಲಿ ಕಲಿಯುತ್ತಾರೆ. ವಿಜ್ಞಾನ, ಕಾನೂನು, ದೇಹ, ಚಟ ಇವೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ದ್ವಿಭಾಷಿಕತೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಫ್ರಾನ್ಸ್ವಾ ಗ್ರೋಜಾನ್ ಇದನ್ನು ಪೂರಕತೆಯ ತತ್ವ ಎನ್ನುತ್ತಾರೆ: ಎರಡು ಭಾಷೆ ಬಲ್ಲವರು ಒಂದೊಂದು ವಿಷಯಕ್ಕೆ ಒಂದೊಂದು ಭಾಷೆ ಇಟ್ಟುಕೊಂಡಿರುತ್ತಾರೆ. ಯಾವ ವಿಷಯವನ್ನು ಮನೆಯಲ್ಲಿ ಕನ್ನಡದಲ್ಲಿ ಆಡಲಿಲ್ಲವೋ, ಆ ವಿಷಯಕ್ಕೆ ಮಗುವಿನ ಬಳಿ ಕನ್ನಡ ಇರುವುದಿಲ್ಲ. ಮದ್ಯ ಅಂಥ ಒಂದು ವಿಷಯ. ಬ್ರೂಪಬ್ ಅದನ್ನು ಆಡಲು ಒಳ್ಳೆಯ ಜಾಗ.

ಮಕ್ಕಳನ್ನು ಒಳಗೆ ಬಿಡುತ್ತಾರೆಯೇ?

ಬಿಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಬರೀ ಬಾರ್ ಎಂದು ಲೈಸೆನ್ಸ್ ಪಡೆದ ಜಾಗಕ್ಕೆ 21 ತುಂಬದವರು ಕಾಲಿಡುವಂತಿಲ್ಲ. ಬ್ರೂಪಬ್ ಬೇರೆ. ಅಲ್ಲಿ ಅಡುಗೆಮನೆ ಇರಬೇಕು, ನಿಜವಾದ ಊಟ ಬಡಿಸಬೇಕು. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಅದು ಊಟದ ಹೋಟೆಲ್ಲು. ಹೈ ಚೇರ್, ಬಣ್ಣದ ಪೆನ್ಸಿಲ್, ಕಿಡ್ಸ್ ಮೆನು ಎಲ್ಲ ಇರುತ್ತದೆ. ಆದರೆ ‘ಒಂದೇ ಒಂದು ಗುಟುಕು, ರುಚಿ ನೋಡಲಿ’ ಎಂದು ಅಪ್ಪನೇ ಕೊಟ್ಟರೂ ಅಲ್ಲಿ ಅದು ಅಪರಾಧ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ‘ನಿನಗೆ ಇಷ್ಟ ಆಗಲ್ಲ’ ಎನ್ನುವುದಕ್ಕಿಂತ ‘ಕಾನೂನು ಹೀಗಿದೆ’ ಎನ್ನುವುದು ಸರಳ.

ಈ ಬ್ರೂಪಬ್ ಎಂಬುದು ಹಳೆಯದೇನಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಅದು ಮುಗಿದ ಮೇಲೂ ಬಿಯರ್ ಮಾಡುವವರು ಅದೇ ಜಾಗದಲ್ಲಿ ಊಟದ ಜೊತೆ ಮಾರುವಂತಿರಲಿಲ್ಲ. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಒಪ್ಪಿಗೆ ಕೊಟ್ಟ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಕ್ಯಾಲಿಫೋರ್ನಿಯಾ ಬ್ರೂಪಬ್‌ಗೆ ದಾರಿ ಮಾಡಿಕೊಟ್ಟಿದ್ದು 1982ರಲ್ಲಿ. ಮರುವರ್ಷವೇ ಉತ್ತರದ ಹಾಪ್‌ಲ್ಯಾಂಡ್ ಎಂಬ ಪುಟ್ಟ ಊರಿನಲ್ಲಿ ಮೆಂಡೊಸಿನೊ ಬ್ರೂಯಿಂಗ್ ಕಂಪನಿ ರಾಜ್ಯದ ಮೊದಲ ಬ್ರೂಪಬ್ ತೆರೆಯಿತು.

ಈ ಕತೆಗೆ ನಮ್ಮ ಊರಿನ ನಂಟೂ ಇದೆ. 1997ರಲ್ಲಿ ಮೆಂಡೊಸಿನೊ ಕಂಪನಿಯ ಹಿಡಿತ ಬೆಂಗಳೂರಿನ ಯುಬಿ ಗುಂಪಿನ ಕೈಗೆ ಬಂತು. ಅಮೆರಿಕದಲ್ಲಿ ಮಾರುವ ಕಿಂಗ್‌ಫಿಶರ್ ಅಲ್ಲಿ ತಯಾರಾಗುತ್ತಿತ್ತು. 2018ರಲ್ಲಿ ಆ ಕಂಪನಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಬ್ರೂಪಬ್ ಎಂಬ ಕಲ್ಪನೆ ತಿರುಗಿ ಬೆಂಗಳೂರಿಗೆ ಹೋಗಿತ್ತು: 2010-11ರ ಹೊತ್ತಿಗೆ ಇಂದಿರಾನಗರದಲ್ಲಿ ಟಾಯ್ಟ್, ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕ್ಲಬ್ ಶುರುವಾದವು. ರಜೆಗೆ ಊರಿಗೆ ಹೋದಾಗ ನಿಮ್ಮ ತಮ್ಮನೋ ನಾದಿನಿಯೋ ಅಲ್ಲಿಗೇ ಕರೆದರೆ ಮಕ್ಕಳಿಗೆ ಅದೇನೂ ಹೊಸ ಲೋಕ ಅನ್ನಿಸುವುದಿಲ್ಲ.

ಹತ್ತಿರದಲ್ಲಿ ಎಲ್ಲಿ?

ವಾಲ್‌ನಟ್‌ನಿಂದ 57ನೇ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದರೆ ಬ್ರೆಯಾ. ಇವತ್ತು ದೇಶದ ತುಂಬ ಶಾಖೆಗಳಿರುವ ಬೀಜೇಸ್ ಬಿಯರ್ ಮಾಡಲು ಶುರುಮಾಡಿದ ಊರು ಇದು. 1978ರಲ್ಲಿ ಸ್ಯಾಂಟಾ ಆನಾದಲ್ಲಿ ಪಿಜ್ಜಾ ಅಂಗಡಿಯಾಗಿ ಆರಂಭವಾದ ಕಂಪನಿ 1996ರಲ್ಲಿ ಬ್ರೆಯಾದಲ್ಲಿ ಮೊದಲ ಬಾರಿಗೆ ತನ್ನದೇ ಬಿಯರ್ ಮಾಡಿತು. ಎಲ್ಲ ಶಾಖೆಗಳಲ್ಲೂ ಬಿಯರ್ ತಯಾರಾಗುವುದಿಲ್ಲ. ಆದರೆ ಚಿಕ್ಕ ಮಕ್ಕಳ ಜೊತೆ ಮೊದಲ ಸಲ ಹೋಗಲು ಇಂಥ ಜಾಗವೇ ಸುಲಭ: ಗಲಾಟೆ ಮೊದಲೇ ಇರುವುದರಿಂದ ನಮ್ಮ ಮಕ್ಕಳ ಗಲಾಟೆ ಯಾರಿಗೂ ಕೇಳಿಸುವುದಿಲ್ಲ.

ಟ್ಯಾಂಕುಗಳನ್ನು ಕಣ್ಣಾರೆ ತೋರಿಸಬೇಕೆಂದರೆ ಪೂರ್ವಕ್ಕೆ ಹೋಗಿ. ಪಕ್ಕದ ಕ್ಯಾಲ್ ಪಾಲಿ ಪೊಮೊನಾ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಕೆಲಸ ಕಲಿಸಲೆಂದು ಇನ್ನೊವೇಶನ್ ಬ್ರೂ ವರ್ಕ್ಸ್ ಕಟ್ಟಿತು. ಬಿಯರ್ ಎಂದರೆ ಕಲಿಯುವ ವಿದ್ಯೆಯೂ ಹೌದು ಎಂದು ಮಕ್ಕಳಿಗೆ ಹೇಳಲು ಒಳ್ಳೆಯ ನೆಪ. ಇನ್ನೂ ಮುಂದೆ ಹೋದರೆ 2012ರಲ್ಲಿ ಆರಂಭವಾದ ಕ್ಲೇರ್‌ಮಾಂಟ್ ಕ್ರಾಫ್ಟ್ ಏಲ್ಸ್ ಇದೆ. ಹೊರಡುವ ಮುನ್ನ ಬಾಗಿಲು ತೆರೆಯುವ ವೇಳೆ, ಅಡುಗೆಮನೆ ಉಂಟೇ ಎಂಬುದನ್ನು ನೋಡಿಕೊಳ್ಳಿ. ಕೆಲವು ಕಡೆ ಬಿಯರ್ ಮಾತ್ರ ಇರುತ್ತದೆ, ಊಟ ಹೊರಗಿನಿಂದ ಬರಬೇಕು.

ಸ್ಯಾನ್ ಡಿಯೇಗೊ ಪ್ರಾಣಿಸಂಗ್ರಹಾಲಯಕ್ಕೆ ಹೋಗುವ ದಿನ ದಾರಿಯಲ್ಲೇ ಇನ್ನೊಂದು ಸಿಗುತ್ತದೆ. 15ನೇ ಫ್ರೀವೇ ಮೇಲೆ ಎಸ್ಕಾಂಡಿಡೊದಲ್ಲಿ ಸ್ಟೋನ್ ಬ್ರೂಯಿಂಗ್ 2006ರಲ್ಲಿ ತೆರೆದ ಊಟದ ಜಾಗಕ್ಕೆ ದೊಡ್ಡ ತೋಟವೇ ಇದೆ. ಕಾರಿನಲ್ಲಿ ಕೂತು ಕೂತು ಬೇಸತ್ತ ಮಕ್ಕಳಿಗೆ ಓಡಾಡಲು ಅನುಕೂಲ. ಊರೊಳಗೆ 1989ರಲ್ಲಿ ಆರಂಭವಾದ ಕಾರ್ಲ್ ಸ್ಟ್ರೌಸ್ ಸ್ಯಾನ್ ಡಿಯೇಗೊದ ಈ ಸಂಸ್ಕೃತಿಗೆ ನಾಂದಿ ಹಾಡಿದ್ದು. ಆ ಹೆಸರಿನ ಮನುಷ್ಯ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದವರು. ಊರು ಬಿಟ್ಟರೂ ಕೈಯಲ್ಲಿದ್ದ ವಿದ್ಯೆ ಜೊತೆಗೇ ಬಂತು. ನಮ್ಮಂಥ ಮನೆಗಳ ಮಕ್ಕಳಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಟ್ಯಾಂಕಿನ ಮುಂದೆ ನಿಂತು ರಾಗಿ ಮಾಲ್ಟ್ ನೆನೆಯಿರಿ

ಗಾಜಿನ ಗೋಡೆಯ ಆಚೆ ಹೊಳೆಯುವ ಟ್ಯಾಂಕುಗಳನ್ನು ಕಂಡರೆ ಮಕ್ಕಳು ಕೇಳಿಯೇ ಕೇಳುತ್ತಾರೆ: ‘ಅದರೊಳಗೆ ಏನಿದೆ?’ ಇಲ್ಲಿ ಇಂಗ್ಲಿಷಿಗೆ ಜಾರಬೇಡಿ. ಈ ವಿದ್ಯೆಗೆ ಬೇಕಾದ ಪದಗಳು ನಮ್ಮ ಅಡುಗೆಮನೆಯಲ್ಲೇ ಇವೆ.

‘ನೀನು ಪಾಪು ಇದ್ದಾಗ ರಾಗಿ ಮಾಲ್ಟ್ ಕುಡಿದಿದ್ದೆ, ನೆನಪಿದ್ಯಾ?’ ಎಂದು ಶುರುಮಾಡಿ. ಅಜ್ಜಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿ ಕಳಿಸುತ್ತಾರಲ್ಲ, ಅದೇ ಮಾಲ್ಟ್. ಬಿಯರ್ ಮಾಡುವವರು ಅದನ್ನೇ ಬಾರ್ಲಿಗೆ ಮಾಡುತ್ತಾರೆ. ಬಾರ್ಲಿಗೆ ಕನ್ನಡದಲ್ಲಿ ಜವೆಗೋದಿ ಎಂಬ ಹೆಸರಿದೆ. ನೆನೆಸುವುದು, ಮೊಳಕೆ, ಒಣಗಿಸುವುದು, ಹುರಿಯುವುದು: ನಾಲ್ಕೂ ಮಗು ಕೇಳಿರುವ ಪದಗಳೇ.

ಮೊಳಕೆ ಯಾಕೆ ಬರಿಸಬೇಕು? ಕಾಳಿನೊಳಗೆ ಹಿಟ್ಟು ತುಂಬಿರುತ್ತದೆ. ಅದು ಮರಿಗಿಡಕ್ಕೆ ಕಟ್ಟಿಟ್ಟ ಬುತ್ತಿ. ನೀರು ತಾಗಿದ ಕೂಡಲೇ ಕಾಳು ಎಚ್ಚರಗೊಂಡು ಆ ಬುತ್ತಿಯನ್ನು ಬಿಚ್ಚಲು ಅಮೈಲೇಸ್ ಎಂಬ ಕಿಣ್ವವನ್ನು ತಯಾರು ಮಾಡುತ್ತದೆ. ಈ ಕಿಣ್ವ ಹಿಟ್ಟಿನ ಉದ್ದ ಸರಪಳಿಯನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಮೇಜಿನ ಮೇಲೆ ಇದನ್ನು ಸಾಬೀತು ಮಾಡಲು ಒಂದು ತುಂಡು ಬ್ರೆಡ್ ಸಾಕು. ಒಂದು ನಿಮಿಷ ನುಂಗದೆ ಅಗಿಯಲು ಹೇಳಿ. ಬಾಯಿ ಸಿಹಿಯಾಗುತ್ತದೆ. ನಮ್ಮ ಎಂಜಲಿನಲ್ಲೂ ಅದೇ ಜಾತಿಯ ಕಿಣ್ವ ಇದೆ. ‘ಎಂಜಲು’ ಎಂದರೆ ಬರೀ ಮುಟ್ಟಬಾರದ್ದು ಎಂದುಕೊಂಡಿದ್ದ ಮಗುವಿಗೆ ಅದು ಕೆಲಸ ಮಾಡುವ ರಸ ಎಂದೂ ತಿಳಿಯುತ್ತದೆ. ಮನೆಗೆ ಬಂದ ಮೇಲೆ ಬರೀ ರಾಗಿಹಿಟ್ಟಿನಲ್ಲಿ ಒಂದು ಗಂಜಿ, ಮೊಳಕೆ ರಾಗಿಹಿಟ್ಟಿನಲ್ಲಿ ಇನ್ನೊಂದು ಗಂಜಿ ಕಾಯಿಸಿ ನೋಡಿ. ಎರಡನೆಯದು ತೆಳ್ಳಗಿರುತ್ತದೆ. ಕಾಯುತ್ತಿರುವಾಗ ಕಿಣ್ವ ಕೆಲಸ ಮಾಡಿದ್ದಕ್ಕೆ ಅದೇ ಸಾಕ್ಷಿ.

ಆಮೇಲಿನ ಹೆಜ್ಜೆಗಳೂ ಹೀಗೇ. ಮಾಲ್ಟನ್ನು ಜಜ್ಜಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆಯ ಹೊತ್ತು ಬಿಡುತ್ತಾರೆ: ಇದು ಬಾರ್ಲಿ ಗಂಜಿ. ಸೋಸಿ ಸಿಹಿನೀರು ತೆಗೆಯುತ್ತಾರೆ. ಉಳಿದ ಚರಟ ಹಲವು ಕಡೆ ದನಗಳ ಮೇವಿಗೆ ಹೋಗುತ್ತದೆ, ನಮ್ಮಲ್ಲಿ ಕಡಲೆಕಾಯಿ ಹಿಂಡಿ ಹೋಗುವ ಹಾಗೆ. ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನ ಜೊತೆ ಕುದಿಸಿದರೆ ಕಹಿ ಬರುತ್ತದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕುವವರಿಗೆ ಸಿಹಿ-ಕಹಿ ಹದ ಏನೆಂದು ವಿವರಿಸಬೇಕಾಗಿಲ್ಲ. ಆರಿದ ಮೇಲೆ ಯೀಸ್ಟ್ ಹಾಕಿದರೆ ಅದು ಸಕ್ಕರೆ ತಿಂದು ಎರಡು ವಸ್ತು ಬಿಡುತ್ತದೆ: ಗಾಳಿಗುಳ್ಳೆ ಮತ್ತು ಆಲ್ಕೋಹಾಲ್. ದೋಸೆ ಹಿಟ್ಟು ರಾತ್ರಿ ಉಬ್ಬುವುದಕ್ಕೂ ಕಣ್ಣಿಗೆ ಕಾಣದ ಜೀವಿಗಳೇ ಕಾರಣ. ಆದರೆ ಅಲ್ಲಿ ಮುಖ್ಯ ಕೆಲಸ ಬ್ಯಾಕ್ಟೀರಿಯಾದ್ದು, ಅದಕ್ಕೇ ಹುಳಿ ಬರುತ್ತದೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು, ಹುದುಗು. ಈ ಒಂದು ಪದ ಮಗುವಿಗೆ ಬಂದರೆ ಇಡ್ಲಿ, ಬ್ರೆಡ್, ಮೊಸರು, ಬಿಯರ್, ವಾಲ್‌ನಟ್ ಅಂಗಡಿಯಲ್ಲಿ ಕಾಣುವ ಕಿಮ್ಚಿ ಎಲ್ಲ ಒಂದೇ ಬೀದಿಯ ಮನೆಗಳಾಗುತ್ತವೆ.

ಮೆನುವಿನಲ್ಲಿ ‘ಐಪಿಎ’ ಎಂಬುದನ್ನು ಓದಬಲ್ಲ ಮಗು ನಡುವಿನ ‘ಐ’ ಏನೆಂದು ಕೇಳಿದರೆ ಬಿಡಬೇಡಿ. ಅಲ್ಲ, ನಡುವಿನದು ‘ಪಿ’ ಎಂದು ಮಗುವೇ ತಿದ್ದಲಿ; ಮೊದಲಿನ ‘ಐ’ ಎಂದರೆ ಇಂಡಿಯಾ. ಬ್ರಿಟಿಷರ ಕಾಲದಲ್ಲಿ ಲಂಡನ್, ಬರ್ಟನ್ ಕಡೆಯಿಂದ ಭಾರತದಲ್ಲಿದ್ದ ಇಂಗ್ಲಿಷರಿಗೆ ಹಡಗಿನಲ್ಲಿ ಹೋಗುತ್ತಿದ್ದ, ಹಾಪ್ಸ್ ಹೆಚ್ಚಿದ್ದ ಬಿಯರಿಗೆ ಆ ಹೆಸರು ಬಂತು. ಇತಿಹಾಸದ ಪಾಠಕ್ಕೆ ಇಷ್ಟು ಸಾಕು.

ಬೇರು ಎಲ್ಲಿ, ಬೀರು ಎಲ್ಲಿ

ಮಕ್ಕಳಿಗೆ ರೂಟ್ ಬಿಯರ್ ತರಿಸಿದಾಗ ಆಟ ಶುರುಮಾಡಿ. ರೂಟ್ ಎಂದರೆ ಬೇರು. ಅಜ್ಜಿಯ ಕೋಣೆಯಲ್ಲಿರುವ ಕಬ್ಬಿಣದ ಕಪಾಟು ಬೀರು. ಸಂಕ್ರಾಂತಿಗೆ ಮನೆಮನೆಗೆ ಹೋಗಿ ಎಳ್ಳು ಬೀರುತ್ತೇವೆ. ಅಪ್ಪನ ಲೋಟದಲ್ಲಿರುವುದು ಬಿಯರ್. ‘ಬೀರಿನಲ್ಲಿ ಬೇರು ಇಟ್ಟು ಬಿಯರ್ ಅಂದರು’ ಎಂದು ಜೋರಾಗಿ ಐದು ಸಲ ಹೇಳಲಿ. ದೀರ್ಘ-ಹ್ರಸ್ವ ತಪ್ಪುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ಸಿಗಲಾರದು.

ರೂಟ್ ಬಿಯರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಚಾರ್ಲ್ಸ್ ಹೈರ್ಸ್ ಎಂಬ ಔಷಧಿ ವ್ಯಾಪಾರಿ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಇದನ್ನು ಜನಪ್ರಿಯ ಮಾಡಿದರು. ಅದರ ಹಳೆಯ ರುಚಿಗಳಲ್ಲಿ ಸಾರ್ಸಪರಿಲ್ಲ ಎಂಬ ಬೇರೂ ಒಂದು. ಬೇಸಿಗೆಯಲ್ಲಿ ನಮ್ಮ ಕಡೆ ಕುಡಿಯುವ ಸೊಗದೆ ಬೇರಿನ ಶರಬತ್ತು, ಅಂದರೆ ನನ್ನಾರಿ, ನೆನಪಾಯಿತೇ? ಇಂಗ್ಲಿಷರು ಅದಕ್ಕೂ ಇಂಡಿಯನ್ ಸಾರ್ಸಪರಿಲ್ಲ ಎಂದೇ ಕರೆದರು. ಗಿಡ ಬೇರೆ, ಪರಿಮಳದಲ್ಲಿ ನೆಂಟಸ್ತಿಕೆ ಇದೆ. ಇಂಡಿಯನ್ ಅಂಗಡಿಯಲ್ಲಿ ಒಂದು ಬಾಟಲಿ ನನ್ನಾರಿ ಸಿರಪ್ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ರುಚಿ ನೋಡಿಸಿ.

ತಟ್ಟೆಯ ಮೇಲೆ ಒಂದು ಕಣ್ಣು

ಸಸ್ಯಾಹಾರಿ ಮನೆಗಳಿಗೆ ಎರಡು ಮಾತು. ಈರುಳ್ಳಿ ಬಜ್ಜಿಯಂತೆ ಕಾಣುವ ಆನಿಯನ್ ರಿಂಗ್ಸ್ ಅನ್ನು ಹಲವು ಬ್ರೂಪಬ್‌ಗಳಲ್ಲಿ ಬಿಯರ್ ಕಲಸಿದ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಮೀನು, ಕೋಳಿ ಕರಿದ ಎಣ್ಣೆಯೇ ಇರಬಹುದು, ಕೇಳಿದರೆ ಹೇಳುತ್ತಾರೆ. ಚೀಸ್ ಡಿಪ್, ಸೂಪಿಗೂ ಬಿಯರ್ ಹಾಕುವುದುಂಟು. ‘ಕುದಿಸಿದರೆ ಆಲ್ಕೋಹಾಲ್ ಎಲ್ಲ ಹಾರಿಹೋಗುತ್ತೆ’ ಎಂಬುದು ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಕುದಿಸಿದ ಅಡುಗೆಯಲ್ಲಿ ಸುಮಾರು 40 ಶೇಕಡಾ, ಒಂದು ಗಂಟೆ ಕುದಿಸಿದರೆ 25 ಶೇಕಡಾ ಉಳಿಯುತ್ತದೆ. ಹಾಕುವುದು ಸ್ವಲ್ಪವೇ, ಭಯಪಡಬೇಕಾಗಿಲ್ಲ, ಆದರೆ ಮಕ್ಕಳಿಗೆ ಬೇರೆ ತಿಂಡಿ ತರಿಸುವುದು ಸುಲಭ.

ಬಿಯರ್ ಧಾನ್ಯದ್ದೇ ಆದರೂ ಕೆಲವು ಸಾಂಪ್ರದಾಯಿಕ ಬ್ರಿಟಿಷ್ ಬಗೆಯ ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುತ್ತಾರೆ. ಇದು ನಿಮಗೆ ಮುಖ್ಯವಾದರೆ ಅದನ್ನೂ ಕೇಳಿ.

ತಮ್ಮ ಊಟವನ್ನು ಮಕ್ಕಳೇ ಇಂಗ್ಲಿಷಿನಲ್ಲಿ ಆರ್ಡರ್ ಮಾಡಲಿ. ಏನು ಬೇಕೆಂದು ಚರ್ಚೆ ಮಾಡುವುದು ಮಾತ್ರ ಕನ್ನಡದಲ್ಲಿ. ಎರಡು ಭಾಷೆಗೂ ಮೇಜಿನ ಮೇಲೆ ಕೆಲಸ ಸಿಗುತ್ತದೆ.

‘ಅಪ್ಪ, ನೀನು ಕುಡುಕನಾ?’

ಈ ಪ್ರಶ್ನೆ ಬರುತ್ತದೆ, ಅದೂ ಪಕ್ಕದ ಮೇಜಿನಲ್ಲಿ ಇನ್ನೊಂದು ಕನ್ನಡದ ಸಂಸಾರ ಕೂತಿರುವಾಗಲೇ ಬರುತ್ತದೆ. ಮಗುವಿನ ತಪ್ಪಿಲ್ಲ. ನಾವು ಅದಕ್ಕೆ ಕೊಟ್ಟಿರುವ ಪದಗಳೇ ಅಷ್ಟು: ಕುಡುಕ, ಹೆಂಡ, ಸಾರಾಯಿ, ಸಿನಿಮಾದಿಂದ ಬಂದ ‘ಎಣ್ಣೆ’. ಬೈಗುಳ ಇಲ್ಲವೇ ತಮಾಷೆ. ಇವುಗಳ ನಡುವೆ ನಿಂತು ನೆಟ್ಟಗೆ ಮಾತಾಡಲು ಪದ ಬೇಕು. ‘ಮದ್ಯ’, ‘ಮಿತಿ’, ‘ಅಮಲು’, ‘ಚಟ’ ಈ ನಾಲ್ಕು ಸಾಕು.

ಹೀಗೆ ಹೇಳಿ ನೋಡಿ: ‘ಕುಡಿಯೋರೆಲ್ಲ ಕುಡುಕರಲ್ಲ ಕಂದ. ಇದರಲ್ಲಿ ಮದ್ಯ ಇದೆ. ಸ್ವಲ್ಪ ಹೆಚ್ಚಾದ್ರೆ ಅಮಲು ಬರುತ್ತೆ, ತಲೆ ಸರಿಯಾಗಿ ಓಡಲ್ಲ. ಬಿಡೋಕೆ ಆಗದೆ ಹೋದ್ರೆ ಅದು ಚಟ, ಅದೊಂದು ಕಾಯಿಲೆ. ನಾನು ಒಂದು ಮಿತಿ ಇಟ್ಕೊಂಡಿದೀನಿ.’ ನೀವು ಕುಡಿಯದವರಾದರೆ: ‘ನನಗೆ ಬೇಡ ಅನ್ನಿಸ್ತು, ಅದಕ್ಕೆ ಕುಡಿಯಲ್ಲ. ಅವರು ಕುಡೀತಾರೆ, ಅದು ಅವರ ಇಷ್ಟ.’ ಮನೆಯಲ್ಲಿ ಯಾರಾದರೂ ಮದ್ಯದಿಂದ ಹಾಳಾದ ಕತೆ ಇದ್ದರೆ, ಮಗು ದೊಡ್ಡದಾಗುತ್ತ ಅದನ್ನೂ ಕನ್ನಡದಲ್ಲೇ ಹೇಳಿ. ಕರ್ನಾಟಕ ಸರ್ಕಾರ 2007ರ ಜುಲೈನಿಂದ ಸಾರಾಯಿ ನಿಷೇಧಿಸಿದ್ದು ಯಾಕೆ ಎಂದು ಹೇಳುವಾಗ ಬಡವರ ಮನೆಯ ಹೆಣ್ಣುಮಕ್ಕಳ ಕಷ್ಟವೂ ಮಾತಿಗೆ ಬರುತ್ತದೆ.

ಕನ್ನಡಕ್ಕೆ ಈ ವಿಷಯ ಹೊಸತಲ್ಲ. ಮಕ್ಕಳ ಪದ್ಯಗಳನ್ನು ಬರೆದ ಜಿ.ಪಿ. ರಾಜರತ್ನಂ ಅವರೇ ‘ರತ್ನನ ಪದಗಳು’ ಬರೆದು, ಕುಡುಕ ರತ್ನನ ಬಾಯಲ್ಲಿ ಕನ್ನಡದ ಮೇಲಿನ ಪ್ರೀತಿಯನ್ನು ಆಡಿಸಿದರು. ಕುಡಿತದ ಬಗ್ಗೆ ಕರುಣೆಯಿಂದ, ನಗುತ್ತ ಮಾತಾಡಲು ಭಾಷೆಗೆ ಗೊತ್ತಿದೆ. ನಾವು ಮನೆಯಲ್ಲಿ ಬಳಸುತ್ತಿಲ್ಲ ಅಷ್ಟೇ.

ಯಾವ ವಯಸ್ಸಿಗೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 9ನೇ ವಯಸ್ಸಿನ ಹೊತ್ತಿಗೇ ಈ ಮಾತು ಶುರುಮಾಡಿ ಎನ್ನುತ್ತದೆ. ಆ ವಯಸ್ಸಿನಿಂದ ಮುಂದೆ ಮದ್ಯದ ಬಗ್ಗೆ ಮಕ್ಕಳ ಅಭಿಪ್ರಾಯ ಬದಲಾಗತೊಡಗುತ್ತದೆ.

ಮಿತಿ ಎಂಬುದನ್ನು ಲೆಕ್ಕ ಮಾಡಿ ತೋರಿಸಿ. ಇಲ್ಲಿ ‘ಒಂದು ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. 5 ಶೇಕಡಾ ಬಿಯರ್ ಆದರೆ 12 ಔನ್ಸ್. ಆದರೆ ಕ್ರಾಫ್ಟ್ ಬಿಯರ್ 7 ಶೇಕಡಾ ಇರುವುದು ಸಾಮಾನ್ಯ, ಪಿಂಟ್ ಲೋಟ 16 ಔನ್ಸಿನದು. ಒಂದೇ ಲೋಟ ಹೆಚ್ಚುಕಡಿಮೆ ಎರಡು ಡ್ರಿಂಕ್ ಆಯಿತು. ಶೇಕಡಾ ಕಲಿತ ಐದನೇ ಕ್ಲಾಸಿನ ಮಗು ಈ ಗುಣಾಕಾರ ಮಾಡಬಲ್ಲದು. ದೇಹ ಗಂಟೆಗೆ ಸುಮಾರು ಒಂದು ಡ್ರಿಂಕನ್ನಷ್ಟೇ ಕರಗಿಸುತ್ತದೆ. ಕಾಫಿ ಕುಡಿದರೂ, ತಣ್ಣೀರು ಎರಚಿಕೊಂಡರೂ ಬೇಗ ಇಳಿಯುವುದಿಲ್ಲ. ಆದ್ದರಿಂದ ಕಾರು ಓಡಿಸುವವರು ಯಾರು ಎಂಬುದು ಮನೆಯಿಂದ ಹೊರಡುವಾಗಲೇ ತೀರ್ಮಾನವಾಗಲಿ, ಮಕ್ಕಳಿಗೂ ಕೇಳಿಸುವಂತೆ: ‘ಇವತ್ತು ಅಮ್ಮ ಡ್ರೈವ್ ಮಾಡ್ತಾಳೆ, ಅದಕ್ಕೆ ಅಮ್ಮ ಕುಡಿಯಲ್ಲ.’ ಈ ಒಂದು ವಾಕ್ಯವನ್ನು ಹತ್ತು ವರ್ಷ ಕೇಳಿ ಬೆಳೆದ ಮಗುವಿಗೆ ಬೇರೆ ಉಪದೇಶ ಹೆಚ್ಚು ಬೇಕಾಗುವುದಿಲ್ಲ.

‘ಅಜ್ಜಿಗೆ ಹೇಳ್ಬೇಡ’

ಎಲ್ಲಕ್ಕಿಂತ ಕಷ್ಟದ್ದು ಇದು. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್. ‘ನಿನ್ನೆ ಎಲ್ಲಿಗೆ ಹೋಗಿದ್ರಿ ಪುಟ್ಟಾ?’ ಎಂದು ಅಜ್ಜಿ ಕೇಳುತ್ತಾರೆ. ಹಿಂದಿನಿಂದ ಅಪ್ಪ ಕೈಸನ್ನೆ ಮಾಡುತ್ತಾರೆ. ಮಗು ‘ಪಿಜ್ಜಾ ತಿಂದ್ವಿ’ ಎಂದು ಸುಮ್ಮನಾಗುತ್ತದೆ.

ಇಲ್ಲಿ ಏನಾಯಿತು ನೋಡಿ. ಮಗುವಿಗೆ ಕನ್ನಡದಲ್ಲಿ ಹೆಚ್ಚು ಮಾತಾಡುವ ಅವಕಾಶ ಸಿಗುವುದೇ ಅಜ್ಜಿಯ ಜೊತೆ. ಟ್ಯಾಂಕು, ಮೊಳಕೆ, ಹುದುಗು, ಬೇರು-ಬೀರು ಎಲ್ಲ ಹೇಳಲು ಬಾಯಿ ತುಂಬ ಮಾತಿತ್ತು. ಅದನ್ನು ನುಂಗಲು ಕಲಿಸಿದೆವು. ಮುಚ್ಚಿಡಬೇಕಾದ ಸಂಗತಿಗಳ ಪಟ್ಟಿ ಬೆಳೆದಂತೆ ಆ ಕಾಲ್ ‘ಊಟ ಆಯ್ತಾ, ಸ್ಕೂಲ್ ಹೇಗಿದೆ’ ಎಂಬಲ್ಲಿಗೆ ಕುಗ್ಗುತ್ತದೆ. ಆಮೇಲೆ ‘ನಮ್ಮ ಮಗು ಅಜ್ಜಿ ಜೊತೆ ಮಾತೇ ಆಡಲ್ಲ’ ಎಂದು ನಾವೇ ಕೊರಗುತ್ತೇವೆ.

ಹಿರಿಯರ ಮನಸ್ಸು ನೋಯಿಸಬೇಕೆಂದಲ್ಲ. ಮೊದಲು ದೊಡ್ಡವರೇ ದೊಡ್ಡವರ ಜೊತೆ ಮಾತಾಡಿಕೊಳ್ಳಿ: ‘ಅಮ್ಮ, ಇಲ್ಲಿ ಊಟದ ಹೋಟೆಲ್‌ನಲ್ಲೇ ಬಿಯರ್ ಮಾಡ್ತಾರೆ, ಮಕ್ಕಳ ಜೊತೆ ಹೋಗಿದ್ವಿ.’ ಅವರು ಎರಡು ಮಾತು ಬೈಯಬಹುದು. ಬೈಯಲಿ. ಅದು ನಿಮಗೂ ಅವರಿಗೂ ಇರುವ ಮಾತು. ಆ ಭಾರವನ್ನು ಏಳು ವರ್ಷದ ಮಗುವಿನ ನಾಲಿಗೆಯ ಮೇಲೆ ಇಡಬೇಡಿ. ಮಗು ಬಂದು ‘ಅಜ್ಜಿ, ನೀವು ಮಾಡೋ ರಾಗಿ ಮಾಲ್ಟ್ ಥರಾನೇ ಅವರೂ ಬಾರ್ಲಿ ಮೊಳಕೆ ಬರಿಸ್ತಾರಂತೆ’ ಎಂದರೆ ಅಜ್ಜಿ ಮೊಳಕೆ ಎಷ್ಟು ಉದ್ದ ಬಂದಾಗ ಒಣಗಿಸಬೇಕು ಎಂದು ಅರ್ಧ ಗಂಟೆ ಹೇಳುವುದೂ ಉಂಟು.

ಈ ಮಕ್ಕಳು ನಾಳೆ ಹದಿನಾರು, ಹದಿನೇಳಕ್ಕೆ ಬರುತ್ತಾರೆ. ಯಾರದೋ ಮನೆಯ ಪಾರ್ಟಿ, ರಾತ್ರಿ ಹನ್ನೊಂದು, ಕಾರಿನ ಕೀ ಹಿಡಿದ ಗೆಳೆಯನಿಗೆ ಅಮಲು. ಸುತ್ತ ಹತ್ತು ಜನ ಕಿವಿಗೊಟ್ಟು ನಿಂತಿದ್ದಾರೆ. ಆಗ ನಿಮ್ಮ ಮಗಳು ಫೋನ್ ಮಾಡಿ, ಯಾರಿಗೂ ಅರ್ಥವಾಗದಂತೆ, ‘ಅಪ್ಪ, ಇಲ್ಲಿ ಎಲ್ಲರೂ ಕುಡಿದಿದಾರೆ, ಬಂದು ಕರ್ಕೊಂಡು ಹೋಗು’ ಎಂದು ಕನ್ನಡದಲ್ಲಿ ಹೇಳಬಹುದು. ಅಷ್ಟು ಹೇಳಲು ಅವಳಿಗೆ ಪದಗಳೂ ಬೇಕು, ಹೇಳಿದರೆ ನೀವು ಬೈಯುವ ಮೊದಲು ಕಾರು ತರುತ್ತೀರಿ ಎಂಬ ನಂಬಿಕೆಯೂ ಬೇಕು. ಬ್ರೂಪಬ್‌ನ ಮೇಜಿನ ಮೇಲೆ, ರೂಟ್ ಬಿಯರ್ ಮುಗಿಯುವಷ್ಟರಲ್ಲಿ, ಎರಡಕ್ಕೂ ಸ್ವಲ್ಪ ಸ್ವಲ್ಪ ಸಮಯ ಸಿಗುತ್ತದೆ.